ಇಪ್ಪತ್ತೇಳನೇ ಸಂಚಿಕೆ

ಬಂದರಿನ ಹಸನಬ್ಬರ ಅಂಗಡಿಯಲ್ಲಿ
ದಿನಕ್ಕೆ ನಾಲ್ಕಾಣೆ, ಹರಿದರೆ ಎಂಟಾಣೆ.
ಪಕ್ಕದ ಗೋದಾಮಿನ ಒಣಮೆಣಸಿನ ಘಾಟು
ಪುಟಪುಟಕ್ಕೂ ಹತ್ತಿ
ಮಿಂಚುಳ್ಳಿ ಹಾರುವಾಗಲೆಲ್ಲ ನಮಗೆ ಸೀನು.

ಅವನ ಹಳದಿ ಅವನ ಮೈಮೇಲೆ ನಿಂತದ್ದೇ ಇಲ್ಲ.
ಅಂಗಿಯಿಂದ ನೂಲಿನಷ್ಟು ಹೊರಗೆ ಜಾರಿ
ಹೆಗಲ ಸುತ್ತ ಬೆಳಕಿನ ಹಾಗೆ ಉಳಿಯುತ್ತಿತ್ತು.
ಅದೇ ಅವನ ಶಕ್ತಿ ಅಂದುಕೊಂಡಿದ್ದೆ.
ಈಗ ಬಲ್ಮಠದ ಆಫ್‌ಸೆಟ್ ಪ್ರೆಸ್ಸಿನಲ್ಲಿ
ಮದುವೆ ಕಾಗದ ಮುದ್ರಿಸುತ್ತ ಇಪ್ಪತ್ತೆರಡು ವರ್ಷ.
ಗೊತ್ತು, ಅದು ಪ್ಲೇಟು ಸರಿ ಕೂರದ ತಪ್ಪು.
ಗೊತ್ತಿದ್ದೂ,
ಹಳದಿ ಸರಿಯಾಗಿ ಕೂತ ದಿನ
ಏನೋ ಒಂದು ಕಳಕೊಂಡ ಹಾಗೆ.

ಅವನು ಯಾರಿಗೂ ಹೊಡೆದವನಲ್ಲ.
ಒಂದು ನೀರಿಗೆ ಹಾರಿ ಇನ್ನೊಂದು ನೀರಿನಿಂದ ಏಳುವವನು.
ಕೆರೆಗೆ ಹಾರಿ ಬಾಲ್ದಿಯಿಂದ,
ಹೊಳೆಗೆ ಹಾರಿ ಕಳ್ಳನ ಚಾ ಗ್ಲಾಸಿನಿಂದ.
ಹಾರುವುದು ಒಂದು ಚೌಕ, ಏಳುವುದು ಒಂದು ಚೌಕ,
ನಡುವೆ ಕಡ್ಡಿಯಗಲದ ಬಿಳಿ ಓಣಿ.
ಅಲ್ಲಿ ಏನಾಯಿತೆಂದು ಯಾರೂ ಬರೆಯಲಿಲ್ಲ.
ಅಲ್ಲಿ ಈಜಿದವರು ನಾವು.

ಇಪ್ಪತ್ತೇಳರಲ್ಲಿ ಅವನನ್ನು ಬತ್ತಿದ ಬಾವಿಗೆ ತಳ್ಳಿ
ಸೀಸದ ಮುಚ್ಚಳ ಜಡಿದರು. ಹನಿ ನೀರಿಲ್ಲ.
ಮುಂದೆ?
ಮುಂದೆ ಪುಟವೇ ಇಲ್ಲ. ಯಾರೋ ಕಡಲೆ ಕಟ್ಟಿಕೊಂಡು ಹೋಗಿದ್ದರು.
ಹಸನಬ್ಬರು ಎರಡಾಣೆ ಬಿಟ್ಟರು:
"ಅಷ್ಟೇ ಉಂಟು. ಬೇಕಾದರೆ ಓದು."

ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ
ಡೊಲ್ಫಿ ಹೇಳಿದ, "ನಾನು ಓದಿದ್ದೇನೆ.
ಕಲ್ಯಾಣಪುರದ ಬಾಪ್ಪುವಿನ ಮನೆಯಲ್ಲಿ ಪೂರ್ತಿ ಉಂಟು.
ಹಣೆಯ ಬೆವರು ಒಂದು ಹನಿ ಅಂಗೈಗೆ ಬಿತ್ತು.
ಅದರೊಳಗೆ ಹಾರಿದ.
ಎಲ್ಲೋ ಒಬ್ಬ ಹುಡುಗ ಶಾಲೆಯ ನೀರಿನ ಬಾಟಲಿ ತೆರೆದ,
ಅದರಿಂದ ಎದ್ದ."

ಆಮೇಲೆ ವರ್ಷಗಟ್ಟಲೆ
ನಾನು ಮುಚ್ಚಳ ತಿರುಗಿಸಿದ್ದು ಮೆಲ್ಲ, ಬಹಳ ಮೆಲ್ಲ.

ಮೊನ್ನೆ ಪಾಂಡೇಶ್ವರದ ಮಾಲಿನಲ್ಲಿ ಅವನು ಸಿನಿಮಾ ಆಗಿ ಬಂದ.
ಟಿಕೆಟಿಗೆ ಮುನ್ನೂರ ಎಂಬತ್ತು.
ಮೈಯಿಡೀ ಟಾರು ಬಳಿದ ಹಾಗೆ ಕಪ್ಪು,
ಹಳದಿ ಇದ್ದದ್ದು ತುರ್ತು ಬಾಗಿಲಿನ ಬಲ್ಬಿನಲ್ಲಿ ಮಾತ್ರ.
ಅವನ ಅಪ್ಪ ಅವನನ್ನು ಪ್ರೀತಿಸಲಿಲ್ಲವಂತೆ;
ಅದಕ್ಕೇ ನಲವತ್ತು ನಿಮಿಷ.
ನಮ್ಮವನಿಗೆ ಅಪ್ಪನೇ ಇರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಒಂದು ಒಪ್ಪಬೇಕು.
ಮೊದಲ ಸಲ ಅವನು ನೀರಿಗೆ ಇಳಿದಾಗ
ಸದ್ದೆಲ್ಲ ನಿಂತು, ಕುರ್ಚಿಯಡಿಯ ನೆಲ ಸರಿದು,
ನಾನು ಡೊಲ್ಫಿಯ ಮೊಣಕೈ ಹಿಡಕೊಂಡೆ.
ಐವತ್ತು ದಾಟಿದವನು.

ಆಮೇಲೆ ಬಾವಿ. ಸೀಸದ ಮುಚ್ಚಳ.
ಉಸಿರು ಕಟ್ಟಿ ಕೂತೆ,
ಬೆವರಿಗೆ ಕಾದೆ.
ಅವನು ಮುಷ್ಟಿ ಬಿಗಿದು ಗುದ್ದಿದ.
ಮುಚ್ಚಳ ಒಡೆಯಿತು, ಬೀದಿ ಒಡೆಯಿತು, ಊರು ಒಡೆಯಿತು.
ಇಪ್ಪತ್ತು ನಿಮಿಷ ಕಟ್ಟಡಗಳು ಬಿದ್ದವು.
ಒಳಗೆ ಯಾರು ಅನ್ನ ಬಸಿಯುತ್ತಿದ್ದರೋ
ಕ್ಯಾಮೆರಾ ನೋಡಲಿಲ್ಲ.

"ನೀನು ಹೇಳಿದ ಕೊನೆಯೇ ಚಂದ ಇತ್ತು."
"ಯಾವ ಕೊನೆ?"
"ಬೆವರಿನದ್ದು. ಕಲ್ಯಾಣಪುರದ ಬಾಪ್ಪುವಿನ ಪುಸ್ತಕದ್ದು."
ಪಾಪ್‌ಕಾರ್ನ್ ಕೈ ಅರ್ಧದಲ್ಲಿ ನಿಲ್ಲಿಸಿ ಡೊಲ್ಫಿ,
"ಕಲ್ಯಾಣಪುರದಲ್ಲಿ ನನಗೆ ಯಾವ ಬಾಪ್ಪು ಮಾರಾಯ?"

ತೆರೆಯ ಮೇಲೆ ಹೆಸರುಗಳು ಹತ್ತುತ್ತಿದ್ದವು,
ಇರುವೆ ಸಾಲಿನ ಹಾಗೆ, ಸಾವಿರ, ಎರಡು ಸಾವಿರ.
ಹಳದಿ ಹಚ್ಚಿದವನ ಹೆಸರು ಹುಡುಕಿದೆ.
ಆಗಲೂ ಯಾರೂ ಹಾಕಿರಲಿಲ್ಲ, ಈಗಲೂ ಇಲ್ಲ.
ಕೊನೆಗೆ ಒಂದು ಚೂರು ದೃಶ್ಯ:
ಕತ್ತಲೆ, ಒಂದು ಬಾಲ್ದಿ, ಒಂದು ಅಲೆ.
ಎರಡನೇ ಭಾಗ ಬರುತ್ತದಂತೆ.
ಹೋಗುವುದೇ.
ಬೈಯಲಿಕ್ಕಾದರೂ ಹೋಗಬೇಕಲ್ಲ.

ಹೊರಗೆ ಸೆಕೆ. ಡೊಲ್ಫಿ ಅರುವತ್ತು ರೂಪಾಯಿಯ ನೀರು ತಂದ.
ನಾನು ಮುಚ್ಚಳಕ್ಕೆ ಕೈ ಹಾಕಿದೆ.
"ಎಂತ, ಬಾಂಬು ಉಂಟಾ ಅದರಲ್ಲಿ?
ಬೇಗ ತೆಗಿ, ಲಾಸ್ಟ್ ಬಸ್ಸು."